ಕಿವಿಹಾಲೆಯ ಒಂದು ಹನಿ

ಮನುಷ್ಯರ ರಕ್ತ ಬೇಕಾದಾಗಲೆಲ್ಲ ಆ ಪ್ರಯೋಗಾಲಯದವರು ತಮ್ಮ ಕಿವಿಯನ್ನೇ ಒಡ್ಡುತ್ತಿದ್ದರು. ಆಮೆಯ ರಕ್ತಕ್ಕೆ ಆಮೆ ಇತ್ತು, ಮೀನಿನ ರಕ್ತಕ್ಕೆ ಮೀನಿತ್ತು. ಹೋಲಿಸಿ ನೋಡುವುದಕ್ಕೆ ಮನುಷ್ಯರನ್ನು ಎಲ್ಲಿಂದ ತರುವುದು? ಆಸ್ಪತ್ರೆಯಿಂದ ತರಿಸಿದರೆ ದಾರಿಯಲ್ಲೇ ರಕ್ತ ಕೆಟ್ಟಿರುತ್ತದೆ. ಹಾಗಾಗಿ ಓರ್ಹುಸ್ ವಿಶ್ವವಿದ್ಯಾಲಯದ ಆ ನೆಲಮಾಳಿಗೆಯಲ್ಲಿ ಒಂದು ರೂಢಿ ಬಿದ್ದಿತ್ತು. ಪಾಳಿ ಬಂದವರು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಕೂದಲು ಸರಿಸಬೇಕು. ಇನ್ನೊಬ್ಬರು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿಯ ಹಾಲೆಯನ್ನು ಕೆಂಪಗಾಗುವವರೆಗೆ ಉಜ್ಜಿ, ಸೂಜಿ ಚುಚ್ಚಿ, ತೆಳ್ಳಗಿನ ಗಾಜಿನ ನಳಿಗೆಯಲ್ಲಿ ಹನಿ ಹಿಡಿಯಬೇಕು.

ಪೆಟ್ರೋಲಿನ ಅಭಾವಕ್ಕೆ ಭಾನುವಾರ ಯಾರೂ ಕಾರು ಹೊರಗೆ ತೆಗೆಯಬಾರದೆಂದು ಸರ್ಕಾರ ಅಪ್ಪಣೆ ಮಾಡಿದ ಚಳಿಗಾಲ ಅದು. ಇಂಗೆಲೀಸಳ ಪಾಳಿ ಬಂದ ದಿನ ಸೂಜಿ ಹಿಡಿದು ನಿಂತವನು ಆಸ್ಗರ್.

ಇಬ್ಬರೂ ಅಲ್ಲಿ ಸಂಶೋಧಕರು. ಇಂಗೆಲೀಸ ಓರ್ಹುಸ್‌ನವಳೇ. ಆಸ್ಗರ್ ಪಶ್ಚಿಮದ ಕರಾವಳಿಯ ಲೆಮ್ವಿ ಊರಿನವನು, ಕೋಪನ್‌ಹೇಗನ್ನಿನ ಪಶುವೈದ್ಯ ಕಾಲೇಜಿನಲ್ಲಿ ಕುರಿಗಳ ರಕ್ತ ಅಳೆಯುತ್ತಿದ್ದವನು, ಶರತ್ಕಾಲದಲ್ಲಿ ಇಲ್ಲಿಗೆ ಬಂದಿದ್ದ. ಮೀನುಗಾರರ ಮನೆಯ ದಪ್ಪ ಬೆರಳು. ಆದರೆ ಆ ಬೆರಳು ಅವಳ ಕಿವಿಯನ್ನು ಹಿಡಿದ ರೀತಿ ನೋಡಿದ್ದರೆ, ಹಕ್ಕಿಯ ಮೊಟ್ಟೆ ಹಿಡಿದಿದ್ದಾನೆ ಎಂದುಕೊಳ್ಳಬೇಕು.

"ನೋವಾದ್ರೆ ಹೇಳು," ಎಂದ.

"ಆಮೆಗಳಿಗೂ ಹೀಗೇ ಹೇಳ್ತೀಯಾ?"

"ಅವಕ್ಕೆ ಕಿವಿ ಎಲ್ಲಿದೆ ಅಂತಾನೇ ಕಾಣಲ್ಲ. ಹಂಗಾಗಿ ಕೇಳೋ ಪ್ರಮೇಯ ಬಂದಿಲ್ಲ."

ಅವಳು ನಕ್ಕಳು. ನಗಬೇಡ, ಹನಿ ಜಾರಿ ಕತ್ತಿಗೆ ಇಳಿಯುತ್ತದೆ ಎಂದು ಅವನು ಗದರಿದ. ಗದರಿದ್ದು ಕಿವಿಗೆ ಅಷ್ಟು ಹತ್ತಿರದಲ್ಲಿ. ಅವನ ಉಸಿರು ಕುತ್ತಿಗೆಗೆ ತಾಗಿತು, ಅವಳ ಉಸಿರು ಜೋರಾಗಿ ಓಡತೊಡಗಿತು. ಎದುರಿನ ಕಿಟಕಿಯ ಗಾಜಿನಲ್ಲಿ ಅವನ ಕಣ್ಣು ಅವಳನ್ನು ನೋಡುತ್ತಿತ್ತು. ಅವಳು ನೋಡಿದ ಕೂಡಲೇ ಆ ಕಣ್ಣು ನಳಿಗೆಗೆ ಇಳಿಯಿತು, ಅವಳು ಬೇರೆ ಕಡೆ ತಿರುಗಿದ ಕೂಡಲೇ ಮತ್ತೆ ಮೇಲೆ ಬಂತು.

ರಕ್ತದ ಹುಳಿ ಅಳೆಯುವ ಯಂತ್ರ ತೋರಿಸಿದ ಅಂಕಿ ಸರಿ ಇರಲಿಲ್ಲ. ಮನುಷ್ಯನ ರಕ್ತ ಮಹಾ ಹಟಮಾರಿ: ಚಳಿಯಿರಲಿ ಸೆಖೆಯಿರಲಿ, ಪಿಎಚ್ ಏಳು ಪಾಯಿಂಟ್ ನಾಲ್ಕರ ಆಸುಪಾಸು ಬಿಟ್ಟು ಕದಲುವುದಿಲ್ಲ. ಸ್ವಲ್ಪ ಹುಳಿಯಾದರೂ ಕಷ್ಟ, ಸ್ವಲ್ಪ ಕ್ಷಾರವಾದರೂ ಕಷ್ಟ. ಆಮೆ ಹಾಗಲ್ಲ, ನೀರು ತಣ್ಣಗಾದ ಹಾಗೆ ಅದರ ರಕ್ತ ಕ್ಷಾರದ ಕಡೆ ವಾಲುತ್ತಾ ಹೋಗುತ್ತದೆ, ಅದಕ್ಕೆ ಅದೇ ಆರೋಗ್ಯ. ಇಂಗೆಲೀಸಳ ರಕ್ತ ಅವತ್ತು ಆಮೆಯ ಕಡೆ ವಾಲಿತ್ತು. ಇಂಗಾಲದ ಡೈಆಕ್ಸೈಡ್ ತೀರಾ ಕಡಿಮೆ.

ಪ್ರಯೋಗಾಲಯಕ್ಕೆಲ್ಲ ಹಿರಿಯಳಾದ ಎಲ್ನಾ ಕನ್ನಡಕ ಹಣೆಗೇರಿಸಿಕೊಂಡು ಬಂದು ನೋಡಿ, ನಳಿಗೆಯಲ್ಲಿ ಗಾಳಿಗುಳ್ಳೆ ಸೇರಿದೆ ಎಂದು ತೀರ್ಪು ಕೊಟ್ಟಳು. ಅಲ್ಲಿನ ಕಾನೂನಿನ ಪ್ರಕಾರ ತಪ್ಪು ಮಾಡಿದವರು ಮಾರನೆಯ ದಿನ ಎಲ್ಲರಿಗೂ ಕೇಕ್ ತರಬೇಕು. ಆಸ್ಗರ್ ತಾನು ಗುಳ್ಳೆ ಬಿಟ್ಟಿಲ್ಲವೆಂದು ವಾದಿಸಿ ಸೋತ. ಮಾರನೆಯ ದಿನ ತಳ ಸೀದ ಸೇಬಿನ ಕೇಕ್ ತಂದ.

ಇಂಗೆಲೀಸ ಆ ಕೇಕಿನ ಎರಡು ತುಂಡು ತಿಂದಳು, ಒಂದು ಮಾತೂ ಆಡಲಿಲ್ಲ. ಗುಳ್ಳೆ ಇರಲಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಉಸಿರು ಜೋರಾದರೆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ರಕ್ತ ಕ್ಷಾರವಾಗುತ್ತದೆ. ಮೊದಲ ವರ್ಷದ ಹುಡುಗರಿಗೆ ಅದನ್ನು ಪಾಠ ಮಾಡುವವಳೇ ಅವಳು. ತನ್ನ ಗುಟ್ಟನ್ನು ಯಂತ್ರದ ಮುಳ್ಳು ಎಲ್ಲರೆದುರು ತೋರಿಸಿಬಿಟ್ಟಿತಲ್ಲ ಎಂದು ಅವಳಿಗೆ ನಾಚಿಕೆ. ಅವನು ಓದಿಕೊಳ್ಳಲಿ ಎಂಬ ಆಸೆಯೂ ಇತ್ತು.

ಬಾಯಿಬಿಟ್ಟು ಹೇಳದಿರಲು ಇನ್ನೊಂದು ಕಾರಣವಿತ್ತು. ಅವಳಿಗೆ ಪ್ರೆಬೆನ್ ಎಂಬ ಹಡಗಿನ ಎಂಜಿನಿಯರ್ ಜೊತೆ ನಿಶ್ಚಿತಾರ್ಥವಾಗಿತ್ತು. ಆಗ ಪ್ರಯೋಗಾಲಯದವರೆಲ್ಲ ಸೇರಿ ಒಳ್ಳೆಯ ಕಾಫಿ ಪಾತ್ರೆ ಉಡುಗೊರೆ ಕೊಟ್ಟಿದ್ದರು. ಅಕ್ಟೋಬರಿನಲ್ಲಿ ಆ ಸಂಬಂಧ ಮುರಿಯಿತು. ಅವನಿಗೆ ಎಸ್ಬ್ಯಾರ್ ಬಂದರಿನಲ್ಲಿ ಬೇರೊಬ್ಬಳು ಸಿಕ್ಕಿದ್ದಳು. ಇಂಗೆಲೀಸ ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಪಾತ್ರೆ ಹಿಂದಿರುಗಿಸಬೇಕು, ಎಲ್ಲರ ಮುಖದಲ್ಲಿ ಅಯ್ಯೋ ಪಾಪ ನೋಡಬೇಕು. ಇಂದು ನಾಳೆ ಎನ್ನುತ್ತ ದಿನ ತಳ್ಳಿದಳು.

ಕಾರಿಲ್ಲದ ಒಂದು ಭಾನುವಾರ ಇಬ್ಬರೂ ಸೈಕಲ್ ತೆಗೆದುಕೊಂಡು ಹೆದ್ದಾರಿಗೆ ಹೋದರು. ಎಲ್ಲೆಲ್ಲೂ ಖಾಲಿ ರಸ್ತೆ. ಹೆದ್ದಾರಿಯ ನಟ್ಟನಡುವೆ ಸಂಸಾರಗಳು ನಡೆದು ಬರುತ್ತಿದ್ದವು, ಯಾರೋ ಒಬ್ಬರು ಕುದುರೆ ತಂದಿದ್ದರು. ಇಂಗೆಲೀಸಳ ಒಂದು ಕೈಗವಸು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಆಸ್ಗರ್ ಸೈಕಲ್ ನಿಲ್ಲಿಸಿ, ಅವಳ ಬರಿಗೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು ಉಜ್ಜಿದ. ಬೆಚ್ಚಗಾದ ಮೇಲೂ ಬಿಡಲಿಲ್ಲ.

"ಪ್ರೆಬೆನ್ ಯಾವಾಗ ಬರ್ತಾನೆ?" ಎಂದು ಕೇಳಿದ.

ಕೇಳುವಾಗ ಅವನು ಅವಳ ಬೆರಳುಗಳನ್ನು ನೋಡುತ್ತಿದ್ದ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಆದರೆ ಒಬ್ಬ ಕೈಬಿಟ್ಟ ಕೂಡಲೇ ಇನ್ನೊಬ್ಬನ ಕೈ ಹಿಡಿದಳು ಎಂದುಕೊಂಡಾನು, ಮೊದಲು ಅವನೇ ತನ್ನ ಮನಸ್ಸು ಹೇಳಲಿ ಎಂದು ಅವಳಿಗೆ ಅನಿಸಿತು. ಅಭಿಮಾನ ಎನ್ನುವುದು ಬೇಡದ ಹೊತ್ತಿಗೇ ಎದ್ದು ನಿಲ್ಲುತ್ತದೆ.

"ಹಡಗಿನೋರ ಮಾತು," ಎಂದಳು. "ಬಂದಾಗ ಬಂದ ಅನ್ಬೇಕು."

ಅವನು ಕೈ ಬಿಟ್ಟ. ತನ್ನ ಗವಸು ಬಿಚ್ಚಿ ಅವಳಿಗೆ ಕೊಟ್ಟ. ವಾಪಸು ಬರುವಾಗ ಗಾಳಿಯ ಬಗ್ಗೆ ಮಾತಾಡಿದರು.

ಮುಂದಿನ ವಾರ ಮತ್ತೆ ಅವಳ ಕಿವಿ, ಮತ್ತೆ ಅವನ ಸೂಜಿ, ಮತ್ತೆ ಅದೇ ಅಂಕಿ. ಅದರ ಮುಂದಿನ ವಾರವೂ ಹಾಗೇ ಬಂತು. ಈ ಸಲ ಆಸ್ಗರ್ ನಳಿಗೆಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದ. ಮುಳ್ಳನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ, ಆ ನೋಟದಲ್ಲಿ ಯಾವ ತುಂಟತನವೂ ಇರಲಿಲ್ಲ.

"ಗುಳ್ಳೆ ಇಲ್ಲ," ಎಂದ ಮೆಲ್ಲಗೆ.

"ಇಲ್ಲ," ಎಂದಳು ಇಂಗೆಲೀಸ. ಓದಿಬಿಟ್ಟ, ಕೊನೆಗೂ ಓದಿಬಿಟ್ಟ ಎಂದುಕೊಂಡಳು.

ಅವನು ಹತ್ತಿಯ ತುಂಡನ್ನು ಅವಳ ಕಿವಿಗೆ ಒತ್ತಿ, ಅವಳ ಬೆರಳನ್ನೇ ತೆಗೆದು ಅದರ ಮೇಲಿಟ್ಟ. "ಯಾರಿಗೂ ಹೇಳಲ್ಲ, ಹೆದರ್ಬೇಡ," ಎಂದು ಹೇಳಿ ಕೈ ತೊಳೆಯಲು ಹೋದ. ಅಷ್ಟೇ. ಇಷ್ಟು ದಿನ ಬಚ್ಚಿಟ್ಟ ಪ್ರೀತಿಗೆ ಸಿಕ್ಕ ಉತ್ತರ ಅಷ್ಟೇ.

ಅಲ್ಲಿಂದಾಚೆಗೆ ಅವನು ಬೇರೆಯೇ ಮನುಷ್ಯನಾದ. ಕಿವಿಯ ಪಾಳಿಯಿಂದ ಅವಳ ಹೆಸರು ತೆಗೆಸಿ ಎಲ್ನಾಳ ಕಿವಿ ಹಿಡಿಯತೊಡಗಿದ. ಆಮೆಯ ತೊಟ್ಟಿ ಎತ್ತಲು ಅವಳು ಬಗ್ಗಿದರೆ ಎಲ್ಲಿಂದಲೋ ಓಡಿಬಂದು ತಾನೇ ಎತ್ತುತ್ತಿದ್ದ. ಪಾದರಸದ ಕೆಲಸವನ್ನು ಅವಳ ಮೇಜಿನಿಂದ ತನ್ನ ಮೇಜಿಗೆ ಒಯ್ದ. ಬೆಳಗಿನ ಕಾಫಿಯ ಹೊತ್ತಿಗೆ ಅವಳ ಮುಂದೆ ಹಾಲಿನ ಲೋಟ ಬಂದು ಕೂರುತ್ತಿತ್ತು. ಹತ್ತಿರ ಯಾರಾದರೂ ಸಿಗರೇಟು ಹಚ್ಚಿದರೆ ಎದ್ದು ಕಿಟಕಿ ತೆರೆಯುತ್ತಿದ್ದ. ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಮಾಡುತ್ತಿದ್ದ. ಗಾಜಿನಲ್ಲಿ ಕಣ್ಣು ಹುಡುಕುವ ಆಟ ನಿಂತೇ ಹೋಯಿತು.

ಇಂಗೆಲೀಸಳಿಗೆ ಇದರ ಅರ್ಥ ಒಂದೇ ಆಗಿ ಕಂಡಿತು: ನನ್ನ ಮನಸ್ಸು ಗೊತ್ತಾಯಿತು, ಅವನಿಗೆ ಬೇಡ, ಬೇಡ ಎಂದು ಹೇಳಲು ಬಾಯಿ ಬಾರದೆ ಕನಿಕರ ತೋರಿಸುತ್ತಿದ್ದಾನೆ. ಕಾಯಿಲೆಯವಳಿಗೆ ಕೊಟ್ಟ ಹಾಗೆ ಹಾಲು ಬೇರೆ. ಒಂದು ದಿನ ಅವಳು ಆ ಲೋಟವನ್ನು ಅವನೆದುರೇ ಬಚ್ಚಲಿಗೆ ಸುರಿದಳು. ಅವನು ಕೋಪ ಮಾಡಿಕೊಳ್ಳಲಿಲ್ಲ. ವಾಕರಿಕೆ ಬರುತ್ತಿದೆಯಾ ಎಂದು ಕೇಳಿದ. ನಿನ್ನನ್ನು ನೋಡಿದರೆ ಬರುತ್ತದೆ ಎಂದಳು.

ಆಮೇಲೆ ಶೀತಲ ಕೋಣೆಗೆ ಹೋಗಿ ಆಮೆಗಳ ನಡುವೆ ನಿಂತು ಅತ್ತಳು. ಅಲ್ಲಿ ಯಾರೂ ಬರುವುದಿಲ್ಲ. ಚಳಿಗೆ ಮೂಗು ಕೆಂಪಾಯಿತೆಂದು ಹೇಳಲೂಬಹುದು. ತಣ್ಣೀರಿನ ತಳದಲ್ಲಿ ಆಮೆಗಳು ಮಿಸುಕದೆ ಬಿದ್ದಿದ್ದವು. ಮಂಜುಗಡ್ಡೆಯ ಕೆಳಗೆ ಉಸಿರಿಲ್ಲದೆ ಇಡೀ ಚಳಿಗಾಲ ಕಳೆಯುವ ಪ್ರಾಣಿ ಅದು. ಉಸಿರಿಲ್ಲದೆ ರಕ್ತ ಹುಳಿಯೇರಿದರೆ ತನ್ನ ಚಿಪ್ಪನ್ನೇ ಅಷ್ಟಿಷ್ಟು ಕರಗಿಸಿ ಆ ಹುಳಿಯನ್ನು ಇಳಿಸಿಕೊಳ್ಳುತ್ತದೆ. ಮನುಷ್ಯರಿಗೆ ಅಂಥ ಅನುಕೂಲ ಯಾರೂ ಮಾಡಿಕೊಟ್ಟಿಲ್ಲ. ಇಂಗೆಲೀಸ ಮುಖ ತೊಳೆದುಕೊಂಡು ಹೊರಗೆ ಬಂದು ತರಗತಿಗೆ ಹೋದಳು.

ಜನವರಿ ಮುಗಿಯುವ ಮೊದಲು ಆಸ್ಗರ್ ನಾರ್ವೆಯ ಉತ್ತರ ತುದಿಯ ಟ್ರೊಮ್ಸೊಗೆ ಹೊರಟ. ನೀರಿನಲ್ಲಿ ಮುಳುಗಿ ಎದ್ದ ಸೀಲುಗಳ ರಕ್ತ ಅಳೆಯುವ ಕೆಲಸ. ಅವನೇ ಕೇಳಿ ಹಾಕಿಸಿಕೊಂಡದ್ದೆಂದು ಎಲ್ನಾ ಹೇಳಿದಳು. ಹೊರಡುವ ದಿನ ಎಲ್ಲರ ಕೈ ಕುಲುಕಿದ, ಇಂಗೆಲೀಸಳದೂ ಕುಲುಕಿದ. ಆರೋಗ್ಯ ನೋಡಿಕೋ ಎಂದ. ಇಂಗೆಲೀಸ ಥ್ಯಾಂಕ್ಸ್ ಎಂದಳು. ಇಂಥ ಥ್ಯಾಂಕ್ಸ್ ಹೇಳಲು ಅವರ ನಾಡಿನವರನ್ನು ಮೀರಿಸುವವರಿಲ್ಲ.

ಅವನು ಮರಳಿ ಬಂದದ್ದು ಈಸ್ಟರ್ ಕಳೆದ ಮೇಲೆ, ಅದೂ ಒಂದೇ ದಿನಕ್ಕೆ, ಸಾಮಾನು ಕಟ್ಟಿಕೊಂಡು ಹೋಗಲು. ಟ್ರೊಮ್ಸೊದಲ್ಲಿ ಕಾಯಂ ಕೆಲಸ ಸಿಕ್ಕಿತ್ತು. ಬೆಳಗಿನ ಕಾಫಿಗೆ ಕೂತಾಗ ಇನ್ನೊಂದು ಸುದ್ದಿಯನ್ನೂ ಹೇಳಿದ. ಟೂರುನ್ ಎಂದು, ಕಾಲೇಜಿನಲ್ಲಿ ಜೊತೆಗೆ ಓದಿದವಳು, ಅಲ್ಲೇ ಪಶುವೈದ್ಯೆ, ಬೇಸಿಗೆಯಲ್ಲಿ ಮದುವೆ. ಎಲ್ಲರೂ ಬೆನ್ನು ತಟ್ಟಿದರು. ಇಂಗೆಲೀಸಳೂ ಒಳ್ಳೆಯದಾಗಲಿ ಎಂದಳು, ಮತ್ತು ತನ್ನ ದನಿ ಅಷ್ಟು ಸರಿಯಾಗಿ ಬಂದದ್ದಕ್ಕೆ ತಾನೇ ಬೆರಗಾದಳು.

ಉಳಿದವರು ಎದ್ದು ಹೋದ ಮೇಲೆ ಅವನು ಅವಳ ಮೇಜಿನ ಬಳಿ ಬಂದ. ಆ ವರ್ಷ ಎಲ್ಲರೂ ತೊಡುತ್ತಿದ್ದಂಥ ದೊಗಲೆ ಉಣ್ಣೆಯ ಸ್ವೆಟರು ಅವಳ ಮೈಮೇಲೆ, ಅದರ ಮೇಲೆ ಬಿಳಿಯ ಕೋಟು. ಒಳಗಿರುವವಳು ಬಡಕಲೋ ದಪ್ಪವೋ ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಕಂದು ಕಾಗದದ ಪುಟ್ಟ ಪೊಟ್ಟಣವೊಂದನ್ನು ಅವಳ ಮುಂದಿಟ್ಟ. ಬಿಚ್ಚಿದಳು. ಒಳಗೆ ಎಳೆಗೂಸಿನ ಕಾಲುಚೀಲ, ಹಳದಿ ಉಣ್ಣೆಯದು.

"ಅಮ್ಮ ಹೆಣೆದಿದ್ದು. ಗಂಡೋ ಹೆಣ್ಣೋ ಗೊತ್ತಿಲ್ವಲ್ಲ, ಅದಕ್ಕೇ ಹಳದಿ."

"ಯಾರ ಮಗೂಗೆ?"

"ನಿನ್ನ ಮಗೂಗೆ."

ಇಂಗೆಲೀಸಳಿಗೆ ಮೊದಲು ಅರ್ಥವಾಗಲಿಲ್ಲ. "ನಂಗ್ಯಾವ ಮಗು ಆಸ್ಗರ್?"

ಅವನ ಮುಖದ ರಕ್ತ ಇಳಿದುಹೋಯಿತು. ಕ್ಷಮಿಸು ಎಂದ, ಮಗುವನ್ನು ಕಳೆದುಕೊಂಡದ್ದು ತಿಳಿಯದೆ ತಂದುಬಿಟ್ಟೆ ಎಂದ, ಪೊಟ್ಟಣವನ್ನು ಮುಚ್ಚಲು ಕೈ ಚಾಚಿದ. ಅವಳು ಅವನ ಕೈ ತಡೆದಳು.

"ಕಳ್ಕೊಳ್ಳೋಕೆ ಇದ್ದಿದ್ರೆ ತಾನೆ? ಯಾರು ಹೇಳಿದ್ದು ನಿಂಗೆ?"

"ನಿನ್ನ ರಕ್ತ," ಎಂದ ಆಸ್ಗರ್.

ತಡವರಿಸುತ್ತಾ ಎಲ್ಲ ಹೇಳಿದ. ಬಸುರಿ ಇಬ್ಬರ ಪಾಲಿನ ಉಸಿರಾಡುತ್ತಾಳೆ, ಅದಕ್ಕೇ ಅವಳ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಿರುತ್ತದೆ. ಒಂದು ದಿನವಲ್ಲ, ದಿನವೂ. ಕೋಪನ್‌ಹೇಗನ್ನಿನಲ್ಲಿದ್ದಷ್ಟು ಕಾಲವೂ ಅವನು ಗಬ್ಬದ ಕುರಿಗಳ ರಕ್ತವನ್ನು ಮನುಷ್ಯರದರ ಜೊತೆ ಹೋಲಿಸಿ ನೋಡಿದವನು. ಗುಳ್ಳೆ ಇಲ್ಲ, ಯಂತ್ರ ಸರಿಯಿದೆ, ವಾರ ವಾರವೂ ಅದೇ ಅಂಕಿ. ಹುಡುಗಿಗೆ ನಿಶ್ಚಯವಾದ ಗಂಡು ಇದ್ದಾನೆ. ಇನ್ನೇನು ತಿಳಿಯಬೇಕಿತ್ತು ಅವನು? ಬಾಯಿಬಿಟ್ಟು ಕೇಳುವುದು ಸಭ್ಯತೆಯಲ್ಲ. ಕೈಲಾದಷ್ಟು ಅವಳ ಭಾರ ಎತ್ತಿದ, ಹಾಲು ಕೊಟ್ಟ. ತನ್ನ ಆಸೆಯನ್ನು ಎತ್ತಿಕೊಂಡು ಭೂಮಿಯ ತುದಿಗೆ ಹೋದ.

"ನಾನು ಕುರಿ ಅಲ್ಲ," ಎಂದಳು ಇಂಗೆಲೀಸ. ನಗಲು ಹೋದಳು, ಆಗಲಿಲ್ಲ.

"ಮತ್ತೆ ಯಾಕೆ ಹಂಗೆ ಬಂತು?"

ಅಂಥ ಹೊತ್ತಿನಲ್ಲೂ ಅವನು ಕಾರಣ ಕೇಳಿದ. ಅವಳಿಗೆ ಅವನ ಮೇಲಿನ ಪ್ರೀತಿ ಆ ಕ್ಷಣದಲ್ಲಿ ಉಕ್ಕಿ ಬಂದಷ್ಟು ಹಿಂದೆಂದೂ ಬಂದಿರಲಿಲ್ಲ.

"ನೀನು ಕಿವಿ ಮುಟ್ಟಿದ್ರೆ ನನ್ನ ಉಸಿರು ಜೋರಾಗಿ ಓಡ್ತಿತ್ತು, ತಡೆಯೋಕೇ ಆಗ್ತಿರ್ಲಿಲ್ಲ," ಎಂದಳು. "ನಿಂಗೆ ಗೊತ್ತಾಗಿದೆ ಅಂದ್ಕೊಂಡೆ. ಗೊತ್ತಾಗಿ ಬೇಡ ಅಂದೆ ಅಂದ್ಕೊಂಡೆ."

ಆಸ್ಗರ್ ಹಿಂದೆ ಸರಿದು ಸ್ಟೂಲಿನ ಮೇಲೆ ಕುಸಿದು ಕೂತ.

"ಪ್ರೆಬೆನ್?"

"ಅಕ್ಟೋಬರ್‌ನಲ್ಲೇ ಮುಗಿದುಹೋಗಿತ್ತು."

"ಅವತ್ತು ರಸ್ತೇಲಿ ಕೇಳಿದ್ನಲ್ಲ ನಾನು."

"ಕೇಳ್ದೆ. ನಾನು ಹೇಳ್ಲಿಲ್ಲ."

ಯಂತ್ರದ ನೀರಿನ ತೊಟ್ಟಿ ಗುಳುಗುಳು ಎನ್ನುತ್ತಿತ್ತು. ಹೊರಗಿನ ಹುಲ್ಲಿನ ಮೇಲೆ ವಿದ್ಯಾರ್ಥಿಗಳು ವರ್ಷದ ಮೊದಲ ಬಿಸಿಲಿಗೆ ಕೋಟು ಬಿಚ್ಚಿ ಕೂತಿದ್ದರು. ಇಂಗೆಲೀಸಳ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು. ಅದರ ಉತ್ತರ ತನಗೆ ಬೇಕೋ ಬೇಡವೋ ಎಂದು ನೋಡದೆ ಕೇಳಿಬಿಟ್ಟಳು. ಇಡೀ ಚಳಿಗಾಲ ಕೇಳದೆ ಇದ್ದದ್ದು ಸಾಕಾಗಿತ್ತು.

"ಟೂರುನ್‌ನ ಪ್ರೀತಿಸ್ತೀಯಾ?"

ಅವನು ಇಲ್ಲ ಎಂದಿದ್ದರೆ ಅವಳು ಸ್ಟೇಷನ್ನಿಗೆ ಓಡಿಹೋಗಿ ಅವನ ಪೆಟ್ಟಿಗೆಗಳನ್ನು ಇಳಿಸಿಕೊಳ್ಳುತ್ತಿದ್ದಳು. ಯಾರು ಏನು ಬೇಕಾದರೂ ಅಂದುಕೊಳ್ಳಲಿ ಎನ್ನುತ್ತಿದ್ದಳು. ಅವನಿಗೂ ಅದು ತಿಳಿಯಿತು.

"ಮೊದಮೊದಲು ಇರ್ಲಿಲ್ಲ," ಎಂದ. "ನಿನ್ನ ಮರೆಯೋಕೆ ಅಂತ ಹೋದೆ. ಅವಳಿಗೂ ಅದು ಗೊತ್ತಿತ್ತು, ಗೊತ್ತಿದ್ದೂ ಕಾದ್ಲು. ಈಗ ಹೌದು, ಇಂಗೆಲೀಸ. ಪ್ರೀತಿಸ್ತೀನಿ."

ಅವಳು ತಲೆಯಾಡಿಸಿದಳು.

"ಸುಳ್ಳು ಹೇಳ್ಬೇಕಿತ್ತಾ?" ಎಂದು ಅವನು ಕೇಳಿದ. ಅವನ ಕಣ್ಣು ತುಂಬಿತ್ತು.

"ಬೇಡ. ಅಳತೆ ಸರಿ ಇದ್ರೆ ಅಷ್ಟೇ ಸಾಕು."

ಇದನ್ನು ಹೇಳುವಾಗ ಅವಳ ಎದೆ ಒಡೆದು ಹೋಗುತ್ತಿತ್ತು. ಅವನು ಬೇಡದ ಮದುವೆಗೆ ಸಿಕ್ಕಿಕೊಂಡಿದ್ದರೆ ಅತ್ತಾದರೂ ಹಗುರಾಗಬಹುದಿತ್ತು, ವಿಧಿಯನ್ನಾದರೂ ಬೈಯಬಹುದಿತ್ತು. ಹಾಗೇನೂ ಆಗಿರಲಿಲ್ಲ. ತಾನು ಇರಬೇಕಾದ ಜಾಗದಲ್ಲಿ ಒಬ್ಬ ಒಳ್ಳೆಯ ಹೆಂಗಸು ಬಂದು ಕೂತಿದ್ದಾಳೆ, ಅವಳದೇನೂ ತಪ್ಪಿಲ್ಲ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹೇಳುವವರು ಹೇಳುತ್ತಾರೆ. ಫಲವಿದೆಯೆಂದು ಯಾರಾದರೂ ಚಿಂತಿಸುತ್ತಾರೆಯೇ?

ಅವಳು ಕಾಲುಚೀಲಗಳನ್ನು ಕಾಗದದಲ್ಲಿ ಮತ್ತೆ ಸುತ್ತಿ ಅವನ ಕೋಟಿನ ಜೇಬಿಗೆ ತುರುಕಿದಳು. ಅಲ್ಲಿ ಚಳಿ ಜಾಸ್ತಿ, ನಿಮಗೇ ಬೇಕಾಗುತ್ತದೆ ಎಂದಳು. ಅಮ್ಮನಿಗೆ ಏನು ಹೇಳಲಿ ಎಂದು ಅವನು ಕೇಳಿದ. ಹೆಣಿಗೆ ಬಹಳ ಚೆನ್ನಾಗಿದೆ ಎಂದು ಹೇಳು ಎಂದಳು. ಅವನು ಎದ್ದು ನಿಂತ. ಕೈ ಕುಲುಕಲು ಹೋಗಿ, ಅದನ್ನು ಬಿಟ್ಟು, ಅವಳನ್ನು ಎದೆಗೆ ಒತ್ತಿಕೊಂಡ. ಅವನ ಎದೆ ಏರಿಳಿಯುವುದು ಅವಳ ಕೆನ್ನೆಗೆ ತಿಳಿಯುತ್ತಿತ್ತು. ಓಡಿ ಬಂದವನ ಉಸಿರಿನ ಹಾಗಿತ್ತು. ಅವಳೇ ಮೊದಲು ಬಿಡಿಸಿಕೊಂಡಳು, ಇಲ್ಲದಿದ್ದರೆ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಅವನು ಮೆಟ್ಟಿಲು ಹತ್ತಿ ಹೋದ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಉದ್ದನೆಯ ಮೇಜಿನ ಸುತ್ತ ಸೇರಿದರು. ರೈ ಬ್ರೆಡ್ಡು, ಹೆರಿಂಗ್ ಮೀನು, ಎಲ್ನಾ ಮನೆಯಿಂದ ತಂದ ಬೀಟ್‌ರೂಟ್ ಉಪ್ಪಿನಕಾಯಿ. ಇಂಗೆಲೀಸ ತಟ್ಟೆಗೆ ಏನೂ ಹಾಕಿಕೊಳ್ಳಲಿಲ್ಲ. ಅಷ್ಟು ದಿನ ಹೊತ್ತುಕೊಂಡು ತಿರುಗಿದ ಮಾತನ್ನು ಇನ್ನೊಂದು ಗಳಿಗೆಯೂ ಇಟ್ಟುಕೊಳ್ಳಲಾರೆ ಎನ್ನಿಸಿತು. ಪ್ರೆಬೆನ್ ಜೊತೆಗಿನ ಸಂಬಂಧ ಕಳೆದ ಅಕ್ಟೋಬರಿನಲ್ಲೇ ಮುರಿಯಿತು, ಕಾಫಿ ಪಾತ್ರೆಯನ್ನು ನಾಳೆ ತಂದು ಕೊಡುತ್ತೇನೆ ಎಂದಳು.

ಯಾರೂ ತಲೆ ಎತ್ತಲಿಲ್ಲ. ಒಬ್ಬರು ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ಮುಂದುವರಿಸಿದರು. ಎಲ್ನಾ ಫೋರ್ಕ್ ಕೆಳಗಿಟ್ಟಳು.

"ಅದು ನಮಗೆಲ್ಲ ಗೊತ್ತು ಕಣಮ್ಮ," ಎಂದಳು. "ಅವನು ಬೇರೆ ಹುಡುಗೀನ ಮದುವೆ ಆಗೋದು ನವೆಂಬರ್‌ನಲ್ಲೇ ಪೇಪರ್‌ನಲ್ಲಿ ಬಂದಿತ್ತು."

"ಎಲ್ಲರಿಗೂ ಗೊತ್ತಿತ್ತಾ?"

"ಎಲ್ಲರಿಗೂ."

"ಆಸ್ಗರ್‌ಗೆ ಗೊತ್ತಿರ್ಲಿಲ್ಲ."

ಎಲ್ನಾಳ ಮುಖ ನಿಧಾನವಾಗಿ ಬದಲಾಯಿತು. ಅವನು ಲೆಮ್ವಿಯ ಪೇಪರ್ ಬಿಟ್ಟು ಬೇರೆ ಓದುವವನಲ್ಲ ಎಂಬುದು ಆಗ ಅವಳಿಗೆ ಹೊಳೆದಿರಬೇಕು. "ಅವನಿಗೆ ನೀನೇ ಹೇಳಿರ್ತೀಯ ಅಂದ್ಕೊಂಡ್ವಿ," ಎಂದಳು. "ನೀನು ಹೇಳಿ, ಅವನು ಬೇಡ ಅಂದಿರ್ಬೇಕು ಅಂತ. ನಿಂಗೆ ನೋವಾಗ್ಬಾರ್ದು ಅಂತ ನಾವು ಯಾರೂ ಬಾಯಿ ಬಿಡ್ಲಿಲ್ಲ."

ಇಂಗೆಲೀಸ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ಒಳ್ಳೆಯವರು. ಇಡೀ ಚಳಿಗಾಲ ಒಬ್ಬರ ಮೇಲೊಬ್ಬರು ಇಟ್ಟ ಮರ್ಯಾದೆಯಿಂದಲೇ ಎಲ್ಲರೂ ಸುಮ್ಮನಿದ್ದರು, ಅವಳೂ ಸುಮ್ಮನಿದ್ದಳು, ಅವನೂ ಸುಮ್ಮನಿದ್ದ. ಒಬ್ಬರು, ಒಬ್ಬರೇ ಒಬ್ಬರು, ಮರ್ಯಾದೆಗೆಟ್ಟು ಒಂದು ಮಾತಾಡಿದ್ದರೆ ಸಾಕಿತ್ತು. ಅವಳು ಎರಡೂ ಕೈಯಲ್ಲಿ ಮೇಜಿನ ಅಂಚನ್ನು ಹಿಡಿದುಕೊಂಡು, ಎಲ್ಲರ ಎದುರಿಗೇ, ದನಿ ತೆಗೆದು ಅತ್ತಳು.